ಎರಡೂವರೆ ಇಂಚಿನ ಸ್ಕ್ರೂ

ಮುಂಬಯಿಯ ಬೈಕುಲ್ಲಾದ ಬಡಗಿ ಕಾರ್ಖಾನೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಷ್ಟು ವರ್ಷ ಮನೆಯಲ್ಲೂ ಹೇಳಿಲ್ಲ. ಎಪ್ಪತ್ತನೇ ಇಸವಿಯ ಆಸುಪಾಸಿನ ಮಾತು. ಹತ್ತಿರದ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿದ್ದ ನಿವೃತ್ತ ಎಂಜಿನ್ ಡ್ರೈವರ್ ಒಬ್ಬರು ತಮ್ಮ ಆಟದ ರೈಲು ಓಡಿಸಲು ಹದಿನಾರು ಅಡಿ ಉದ್ದದ ಮೇಜು ಬೇಕೆಂದರು. ಮೆಟ್ಟಿಲಲ್ಲಿ ಅಷ್ಟುದ್ದ ತಿರುಗುವುದಿಲ್ಲವೆಂದು ಎರಡು ತುಂಡು ಮಾಡಿದೆವು. ಒಂದು ನನ್ನದು, ಇನ್ನೊಂದು ಉಡುಪಿ ಕಡೆಯ ಜೊತೆಗಾರನದು.

ಸ್ಕ್ರೂ ಆರಿಸುವುದು ಅವರವರಿಗೆ ಬಿಟ್ಟದ್ದು. ನಾನು ಒಂದೂವರೆ ಇಂಚಿನವು ತಂದೆ. ಮುಕ್ಕಾಲು ಭಾಗ ಸುತ್ತಿಗೆಯಿಂದ ಬಡಿದು ಕೊನೆಗೆ ಎರಡು ಸುತ್ತು ತಿರುಪಿದರೆ ಮುಗಿಯಿತು. ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದುದೇ ಹಾಗೆ. ಅವನು ಎರಡೂವರೆ ಇಂಚಿನ ದಪ್ಪ ಸ್ಕ್ರೂ ತಂದು, ಒಂದೊಂದಕ್ಕೂ ತೂತು ಕೊರೆದು, ಸೋಪು ಸವರಿ, ಕೈಯಿಂದಲೇ ತಿರುಗಿಸುತ್ತ ಕೂತ.

“ಮದುಮಗಳಿಗೆ ಎಣ್ಣಿ ಹಚ್ಚಾಕತ್ತೀಯೇನೋ?” ಎಂದೆ.

“ನಿಂದು ಮದುವೆಯೇ ಅಲ್ಲ ಮಾರಾಯ, ಓಡಿಸಿಕೊಂಡು ಹೋಗುದು,” ಎಂದ.

ಮೇಜು ಮೇಲೇರಿತು. ತುಂಡುಗಳು ಸೇರುವಲ್ಲಿ ರೈಲು ಮಗುಚಿತು. ಎತ್ತಿಟ್ಟರೆ ಮತ್ತೆ ಮಗುಚಿತು. ಅಲ್ಲಿ ಒಂದು ಕೂದಲಿನಷ್ಟು ಏರುಪೇರು. ಕಾರ್ಖಾನೆ ನಡೆಸುತ್ತಿದ್ದ ಬಿಜಾಪುರದ ಮಿಸ್ತ್ರಿ ನನ್ನ ಕಡೆ ನೋಡಿದರು. ಜೊತೆಗಾರ ಅಲ್ಲಿರಲಿಲ್ಲ.

“ಅವಂದು ಎತ್ತರ ಆಗೇತ್ರಿ,” ಎಂದೆ. ನನ್ನದೇ ಜಗ್ಗಿದೆ ಎಂದು ನನಗೆ ಗೊತ್ತಿತ್ತು.

ಮಿಸ್ತ್ರಿ ಅಂದೇ ಅವನಿಗೆ ನಾಳೆಯಿಂದ ಬರಬೇಡ ಎಂದರು. “ನನ್ನದು ಸರಿ ಉಂಟು,” ಎಂದು ಅವನು ಒಂದು ಸಲ ಹೇಳಿದ. ಯಾರೂ ಕೇಳಲಿಲ್ಲ. ಗರಗಸ ಎತ್ತಿಕೊಂಡು ಆಂಟಾಪ್ ಹಿಲ್‌ನ ತನ್ನ ಖೋಲಿಗೆ ಹೋದ.

ನಾಲ್ಕನೇ ದಿನ ಅವನ ತುಂಡು ಬಿಚ್ಚಿ ತಗ್ಗಿಸುವ ಕೆಲಸ ನನಗೇ ಬಂತು. ಮಿಸ್ತ್ರಿ ಪಕ್ಕದಲ್ಲೇ ನಿಂತಿದ್ದರು. ಮೊದಲ ಸ್ಕ್ರೂ ಅಲುಗಲಿಲ್ಲ. ಎರಡನೆಯದೂ ಇಲ್ಲ. ಇಷ್ಟು ಗಟ್ಟಿ ಕೆಲಸವನ್ನು ಕೈಯಾರೆ ಕೆಡಿಸಲು ನನ್ನಿಂದಾಗಲಿಲ್ಲ.

“ಮಿಸ್ತ್ರಿ, ಇದು ಎತ್ತರಿಲ್ಲ. ನಂದು ಕುಸಿದೈತಿ. ನಾ ಸುಳ್ಳ ಹೇಳಿದೆ.”

ಅವರು ನನ್ನ ತುಂಡಿನಡಿ ಕೈಹಾಕಿ ಎರಡೇ ಬೆರಳಲ್ಲಿ ಒಂದು ಸ್ಕ್ರೂ ಕಿತ್ತರು. ಮರದ ಪುಡಿ ಉದುರಿತು. “ಇದು ಸ್ಕ್ರೂ ಅಲ್ಲಲೇ, ಹಲ್ಲುಕಡ್ಡಿ. ಇದನ್ನ ನೆಟ್ಟಗ ಮಾಡು. ಆಮ್ಯಾಲೆ ಅಂವನ ಮನಿಗೆ ಹೋಗಿ ನಿನ್ನ ಬಾಯಿಲೇ ಹೇಳು.”

ಅಂಗಡಿಗೆ ನಡೆದೆ. ಮೇಜಿನ ಅಂಚಿನ ಹಲಗೆಯೇ ಒಂದಿಂಚು ದಪ್ಪ. ನನ್ನ ಸ್ಕ್ರೂ ಅದನ್ನು ದಾಟಿ ಒಳಗಿನ ಅಡ್ಡಪಟ್ಟಿಯನ್ನು ಅರ್ಧ ಇಂಚಷ್ಟೇ ಕಚ್ಚಿತ್ತು. ಎರಡೂವರೆಯದೇ ಬೇಕು. ಹಿತ್ತಾಳೆಯದು ಹೊಳೆಯುತ್ತದೆ, ಬಿಗಿ ಬಿದ್ದರೆ ತಲೆ ಮುರಿಯುತ್ತದೆ, ಕಬ್ಬಿಣದ್ದು ಕೇಳಿದೆ. ಮೊನೆ ಚೂಪಿದೆಯೇ, ತಲೆಯ ಗೀರು ನಡುವಿಗಿದೆಯೇ ಎಂದು ಒಂದೊಂದನ್ನೂ ನೋಡಿ ತೆಗೆದೆ.

“ಕ್ಯಾ ಭಾಯಿ, ಮೋತಿ ಚುನ್ ರಹೇ ಹೋ?” ಎಂದ ಅಂಗಡಿಯವ, ಮುತ್ತು ಆರಿಸುತ್ತಿದ್ದೀಯಾ ಎಂದು ಲೇವಡಿ ಮಾಡಿ.

ಹಳೆಯ ತೂತುಗಳಿಗೆ ಬೆಣೆ ಬಡಿದು, ಹೊಸದಾಗಿ ಕೊರೆದು, ಸುತ್ತಿಗೆ ಮುಟ್ಟದೆ ಎಲ್ಲವನ್ನೂ ತಿರುಗಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ನಂತರ ಆಂಟಾಪ್ ಹಿಲ್‌ಗೆ ಹೋಗಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವನು ಅಂಗಿ ಹಾಕಿಕೊಂಡು ನನ್ನ ಜೊತೆ ಡ್ರೈವರ್ ಮನೆಗೆ ಬಂದ.

ಡ್ರೈವರ್ ಗುಂಡಿ ಒತ್ತಿದರು. ಎಂಜಿನ್ ಬಂತು, ಸಂದು ದಾಟಿತು, ಹಿಂದಿನ ಆರು ಡಬ್ಬಿಗಳೂ ದಾಟಿದವು. ವೇಗ ಹೆಚ್ಚಿಸಿದರು, ಆಗಲೂ ದಾಟಿತು. ಮೂವತ್ತು ವರ್ಷ ನಿಜವಾದ ರೈಲು ಓಡಿಸಿದ ಆ ಮನುಷ್ಯ ಕುಣಿದುಬಿಟ್ಟರು. ನನ್ನ ಎದೆಯೂ ಉಬ್ಬಿತು. ಮಿಸ್ತ್ರಿ ಜೊತೆಗಾರನ ಬೆನ್ನು ತಟ್ಟಿ, “ಸೋಮವಾರ ಲಗೂನ ಬಾ,” ಎಂದರು.

ಇಳಿಯುವಾಗ ಅವನು ನನ್ನನ್ನು ನಿಲ್ಲಿಸಿದ.

“ಇಷ್ಟು ಹೇಳ್ಲಿಕ್ಕೆ ನಾಲ್ಕು ದಿನ ಬೇಕಾಯ್ತಾ ಮಾರಾಯ?”

ಆದರೆ ಸೋಮವಾರ ಅವನು ನನಗಿಂತ ಮೊದಲೇ ಬಂದು ಕೆಲಸ ಶುರುಮಾಡಿದ್ದ.