ಕಿವಿಯಲ್ಲಿ ಏನೂ ಇಲ್ಲ

ಮದುವೆಯಾದ ಮೊದಲ ಆಷಾಢಕ್ಕೆ ತಂಗಿಯನ್ನು ತಿ. ನರಸೀಪುರದಿಂದ ಹೆಡತಲೆಗೆ ನಾನೇ ಕರೆತಂದೆ. ಆ ಒಂದು ತಿಂಗಳು ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದು. ಶ್ರಾವಣ ಬಂದ ಮೇಲೆ ಬಿಟ್ಟುಬರಬೇಕು. ಶ್ರಾವಣ ಬಂತು. ಹೊರಡೋಣ ಎಂದ ದಿನವೇ ಅವಳು ಬಲಗಿವಿ ಹಿಡಿದುಕೊಂಡು ಕೂತಳು.

"ಅಣ್ಣಯ್ಯ, ಕಿವಿ ಒಳಗೆ ಕುಕ್ತದೆ ಕಣೋ. ಬಾಯಿ ತಗದ್ರೆ ಕಟಕ್ ಅಂತದೆ. ಒಂದೊಂದ್ಸಲ ನೀರು ತುಂಬ್ಕಂಡಂಗೆ ಮಂದ ಆಯ್ತದೆ."

ನಾನು ಓದಿದ್ದು ಏಳನೇ ಕ್ಲಾಸು. ತಾಂಡವಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಗೇಟ್ ಕಾಯುತ್ತೇನೆ. ಹೊರಗೆ ಹೋಗುವವರ ಬ್ಯಾಗು, ಊಟದ ಡಬ್ಬಿ ತೆಗೆಸಿ ನೋಡುವುದೇ ಕೆಲಸ. ಯಾರಾದರೂ ಕೇಳುವ ಮೊದಲೇ ಕಾರಣ ಹೇಳಿದರೆ ಅವರನ್ನು ಇನ್ನೊಂದು ಸಲ ತಡವುತ್ತೇನೆ. ತಂಗಿಯ ಮಾತನ್ನೂ ಹಾಗೆಯೇ ತಡವಿದೆ. ಗಂಡನ ಮನೆಗೆ ಹೋಗುವ ದಿನವೇ ಯಾಕೆ ಕಿವಿನೋವು?

ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಆರಿಸಿ ಕಿವಿಗೆ ಬಿಟ್ಟಳು. ಕಡಿಮೆಯಾಗಲಿಲ್ಲ. ನಾನು ಅವಳ ತಟ್ಟೆಯನ್ನು ಕಾಯತೊಡಗಿದೆ. ರಾತ್ರಿ ಒಂದೂವರೆ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಸಲೀಸಾಗಿ ಉಣ್ಣುತ್ತಿದ್ದಳು, ಒಂದು ಸಲವೂ ಮುಖ ಕಿವುಚುತ್ತಿರಲಿಲ್ಲ. ಕಿವಿ ಮಂದ ಎನ್ನುವವಳಿಗೆ ಹಿತ್ತಲಲ್ಲಿದ್ದರೂ ಫೋನ್ ರಿಂಗಾದದ್ದು ಕೇಳಿಸುತ್ತಿತ್ತು. ಒಂದು ದಿನ ಬೇಕೆಂದೇ ನಿಪ್ಪಟ್ಟು ತಂದುಕೊಟ್ಟೆ. ಒಂದು ಸಲ ಕಡಿದು, ಕಣ್ಣಲ್ಲಿ ನೀರು ತಂದುಕೊಂಡು ಕೆಳಗಿಟ್ಟಳು.

"ಮುದ್ದೆ ಉಣ್ಣುವಾಗ ಇಲ್ದೆ ಇರೋ ನೋವು ಈಗೆಲ್ಲಿಂದ ಬತ್ತವ್ವ? ನಿನ್ನ ಕಿವೀಗೆ ನಿಪ್ಪಟ್ಟು ಕಂಡ್ರೆ ಆಗಕಿಲ್ವಾ?" ಎಂದೆ.

"ನಗಬೇಡ ಕಣೋ. ದೇವ್ರಾಣೆ ನೋಯ್ತದೆ."

ಆಣೆ ಹಾಕಿದ್ದರಿಂದ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಕೊನೆಗೆ ನಂಜನಗೂಡಿನಲ್ಲಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಲೈಟು ಬಿಟ್ಟು ಎರಡೂ ಕಿವಿ ನೋಡಿ, "ಕಿವೀಲಿ ಏನೂ ಇಲ್ಲಮ್ಮ, ತಮಟೆನೂ ಚೆನ್ನಾಗಿದೆ" ಎಂದರು. ತಂಗಿ ಎದ್ದು ಆಚೆ ಹೋದಳು. ಚೀಟಿ ಬರೆಯುತ್ತಾ ಡಾಕ್ಟರು ನನಗೆ, "ಈ ಮಾತ್ರೆಗೆ ಹೋಗಲಿಲ್ಲ ಅಂದ್ರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ದವಡೆ ಕೀಲಿಂದಲೂ ಹಿಂಗೆ ಆಗುತ್ತೆ" ಎಂದರು.

ಕಿವಿ ನೋವಿಗೆ ಹಲ್ಲಿನ ಡಾಕ್ಟರೇ! ತಮಗೆ ಏನೂ ಸಿಗದೆ ಇನ್ನೊಬ್ಬರ ಕಡೆಗೆ ದಾಟಿಸುತ್ತಿದ್ದಾರೆ ಎಂದುಕೊಂಡೆ. ಆ ಮಾತನ್ನು ಈಚೆ ಬಂದು ತಂಗಿಗೆ ಹೇಳಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಹೇಳಿದರೆ ಅವಳಿಗೆ ಉಳಿಯಲು ಇನ್ನೊಂದು ನೆಪ ಸಿಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ.

ಮಾರನೆಯ ದಿನವೇ ಬಸ್ಸು ಹತ್ತಿಸಿ ತಿ. ನರಸೀಪುರಕ್ಕೆ ಬಿಟ್ಟೆ. ಅವಳ ಅತ್ತೆಯ ಮುಂದೆ ನಗುತ್ತಾ, "ಡಾಕ್ಟ್ರು ಏನೂ ಇಲ್ಲ ಅಂದವ್ರೆ ಅತ್ತೆ. ತೌರು ಬುಟ್ಟು ಬರಕ್ಕೆ ಮನಸಿಲ್ಲ, ಅಷ್ಟೆಯಾ" ಎಂದೆ. ಅವರೂ ನಕ್ಕರು. ತಂಗಿ ಬ್ಯಾಗು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

ದೀಪಾವಳಿ ಕಳೆದು ಕೆಲವು ದಿನಕ್ಕೆ ಅವಳ ಗಂಡ ಫೋನ್ ಮಾಡಿದ. "ಬಾಯೇ ತಗಿಯಕ್ಕೆ ಆಯ್ತಾ ಇಲ್ಲ ಭಾವ. ಬೆಳಗಿಂದ ಒಂದು ತುತ್ತು ತಿಂದಿಲ್ಲ." ಡ್ಯೂಟಿ ಬಿಟ್ಟು ಓಡಿದೆ. ಅಲ್ಲಿಯ ಹಲ್ಲಿನ ಡಾಕ್ಟರು ಒಬ್ಬ ಹೆಂಗಸು. ತಂಗಿಯ ಎರಡೂ ಕಿವಿಯೊಳಗೆ ಕಿರುಬೆರಳಿಟ್ಟು, ಎಷ್ಟಾಗುತ್ತೋ ಅಷ್ಟು ಬಾಯಿ ತೆಗೆದು ಮುಚ್ಚಲು ಹೇಳಿದರು. ಆಮೇಲೆ ನನಗೆ, "ನಿಮ್ಮ ಕಿವೀಲಿ ಬೆರಳಿಟ್ಟು ಬಾಯಿ ಆಡಿಸಿ" ಎಂದರು. ಇಟ್ಟೆ. ಕಿವಿದಾರಿಯ ಮುಂದಿನ ಗೋಡೆಯ ಹಿಂದೆ ಗುಂಡನೆಯದೇನೋ ಬಂದು ಬೆರಳಿಗೆ ಒತ್ತಿ ಸರಿಯಿತು. ನಲವತ್ತು ವರ್ಷ ಅದು ಅಲ್ಲೇ ಇದ್ದರೂ ನನಗೆ ಗೊತ್ತಿರಲಿಲ್ಲ.

"ಅದೇ ದವಡೆ ಕೀಲು. ಇವರಿಗೆ ಅದರ ನಡುವಿನ ಮೆತ್ತೆ ಜರುಗಿದೆ. ನೋವು ಕೀಲಿಂದು, ಗೊತ್ತಾಗೋದು ಕಿವೀಲಿ. ಇಷ್ಟು ದಿನ ಊಟ ಹೆಂಗೆ ಮಾಡ್ತಿದ್ರಿ?"

"ಮುದ್ದೆ" ಎಂದಳು ತಂಗಿ, ಹಲ್ಲಿನ ಸಂದಿಯಿಂದಲೇ.

"ಸದ್ಯ. ಅದನ್ನ ಅಗಿಯೋದಿಲ್ಲವಲ್ಲ, ನುಂಗೋದು. ಮೊದಲೇ ಯಾಕೆ ಬರಲಿಲ್ಲ?"

ನಾನು ಫೀಸು ಎಷ್ಟು ಎಂದು ಕೇಳಿದೆ.

ಮನೆಗೆ ಬಂದಾಗ ಅವಳ ಅತ್ತೆ ನನ್ನನ್ನು ಹಿಡಿದುಕೊಂಡರು. "ಅವ್ಳು ನೋವು ಅಂದಾಗೆಲ್ಲ ಏನೂ ಇಲ್ಲ ಅಂತ ನಿಮ್ಮಣ್ಣನೇ ಯೋಳವ್ನೆ, ಸುಮ್ಕಿರು ಅಂತಿದ್ದೆ. ಏನಪ್ಪ ಇದು?"

"ನಂಜನಗೂಡಿನ ಡಾಕ್ಟ್ರಿಗೆ ತಿಳೀಲಿಲ್ಲ ಅತ್ತೆ" ಎಂದುಬಿಟ್ಟೆ. ಎಲ್ಲರೂ ಆ ಡಾಕ್ಟರಿಗೆ ಬೈದರು. ನಾನೂ ಬೈದೆ.

ನಾನು ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ತಂಗಿ ಜಗುಲಿಗೆ ಬಂದಳು. "ಅವತ್ತು ನಾ ಈಚೆಗೆ ಬಂದ್ಮೇಲೆ ಆ ಡಾಕ್ಟ್ರು ನಿಂಗೆ ಏನೋ ಯೋಳ್ತಿದ್ರಲ್ಲ, ಏನಂದ್ರು?"

ಅವಳು ನನ್ನನ್ನು ನೋಡುತ್ತಿದ್ದ ರೀತಿ ಗೊತ್ತಿತ್ತು. ಗೇಟಿನಲ್ಲಿ ನಾನು ನೋಡುವುದು ಹಾಗೆಯೇ. ಹೇಳಿದೆ.

ಅವಳು ಅಳಲಿಲ್ಲ. "ಒಳಕ್ಕೋಗಿ ನಮ್ಮತ್ತೆಗೂ ಯೋಳು" ಎಂದಳು. "ನಾನು ಇಲ್ಲೇ ಬಾಳ್ಬೇಕು ಕಣೋ."

ಒಳಗೆ ಹೋಗಿ ಹೇಳಿದೆ. ಡಾಕ್ಟರ ತಪ್ಪಿಲ್ಲ, ಅವಳೂ ನಾಟಕ ಆಡಲಿಲ್ಲ, ಮುಚ್ಚಿಟ್ಟವನು ನಾನು ಎಂದೆ. ಅತ್ತೆ ಎದ್ದು ಒಲೆಯ ಮೇಲೆ ನೀರಿಟ್ಟರು. ಆಮೇಲೆ ನನ್ನನ್ನು ಬಿಟ್ಟು ಅವಳನ್ನು ಕರೆದರು. "ಬಾವ್ವ, ಡಾಕ್ಟ್ರು ಯೋಳವ್ರಲ್ಲ, ಬಿಸಿ ಬಟ್ಟೆ ಇಡ್ತೀನಿ, ಕೂತ್ಕೊ."

ಈಗ ಅವಳ ಬಾಯಿ ಎರಡು ಬೆರಳಿನಷ್ಟು ತೆರೆಯುತ್ತದೆ, ಮೂರು ತೆರೆಯಬೇಕಂತೆ. ಫೋನ್ ಮಾಡಿ ನೋವು ಹೇಗಿದೆ ಎಂದರೆ "ಚೆಂದಾಗದೆ, ಅವ್ವಂಗೆ ಕೊಡು" ಎನ್ನುತ್ತಾಳೆ. ನನಗೆ ಅದನ್ನು ನಂಬಲು ಆಗುವುದಿಲ್ಲ. ನಿಜ ಹೇಳು ಎಂದು ಕೇಳುವ ಮುಖವೂ ಇಲ್ಲ.