ಇನ್ನೂ ಹಸಿ ಐತೆ

ಕಡೂರಿನ ಕೊಬ್ಬರಿ ವ್ಯಾಪಾರಿಯೊಬ್ಬ ನಮ್ಮ ಗುಂಪಿನಲ್ಲಿದ್ದ. ಯಾರ ಮನೆಗೆ ಹೋದರೂ ಅಟ್ಟ ಹತ್ತಿ, ಒಂದು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕೊಬ್ಬರಿ ಒಳಗೆ ಲೊಡಲೊಡ ಎಂದರೆ ವ್ಯಾಪಾರ. ಇಲ್ಲದಿದ್ದರೆ "ಇನ್ನೂ ಹಸಿ ಐತೆ" ಎಂದು ಇಳಿದುಬಿಡುತ್ತಿದ್ದ.

ಗಣಪತಿ ಹಬ್ಬ ಬಂದರೆ ನಾವು ನಾಲ್ವರು ಗೆಳೆಯರು ಸುತ್ತಲಿನ ಒಂದು ಹಾಸ್ಯ ಸಂಜೆಯನ್ನೂ ಬಿಡುತ್ತಿರಲಿಲ್ಲ. ನಾವು ಮೂವರು ಹೊಟ್ಟೆ ಹಿಡಿದುಕೊಂಡು ನಗುವಾಗ ಈ ಮಹಾಶಯ ಪ್ರತಿ ಜೋಕಿಗೂ ಖಾಲಿ ಕೈಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ಹಸಿ ಐತೆ ಕಣೋ" ಎನ್ನುತ್ತಿದ್ದ. ಇವನೊಮ್ಮೆ ನಕ್ಕರೆ ನೂರೊಂದು ಕಾಯಿ ಒಡೆಯುತ್ತೇನೆಂದು ನಾನು ಗಣಪತಿಗೆ ಹರಕೆ ಹೊತ್ತಿದ್ದೆ. ಕಾಯಿ ಇವನ ಕೊಬ್ಬರಿ ಮಂಡಿಯಿಂದಲೇ ಎತ್ತುವ ಯೋಚನೆಯಿತ್ತು.

ಅಜ್ಜಂಪುರದಲ್ಲಿ ಹಾಸ್ಯಗಾರನೊಬ್ಬ ಆ ಕೈಯನ್ನು ಕಂಡು, ಮೈಕ್ ಹಿಡಿದು ಕೆಳಗಿಳಿದು ಬಂದ. "ಯಾಕ್ ಸಾರ್, ನೀವು ನಗೋದೇ ಇಲ್ವಲ್ಲ?"

"ನಿಮ್ ಜೋಕು ಇನ್ನೂ ಹಸಿ ಐತೆ ಕಣ್ರೀ," ಎಂದ ನಮ್ಮವನು, ನಿಜವಾದ ಕನಿಕರದಿಂದ. "ಒಂದ್ವರ್ಷ ಅಟ್ಟದ ಮೇಲಿಡಿ. ಲೊಡಲೊಡ ಅಂದ್ಮೇಲೆ ಹೇಳಿಕಳ್ಸಿ, ಬತ್ತೀನಿ."

ಇಡೀ ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಹಾಸ್ಯಗಾರ ಮಾತ್ರ ನಗಲಿಲ್ಲ.

ಎರಡು ದಿನ ಬಿಟ್ಟು ತರೀಕೆರೆಗೆ ಹೋದರೆ ಅಲ್ಲೂ ಅವನೇ. ನಮ್ಮವನ ಮಾತನ್ನು ತನ್ನ ಮಾವ ಆಡಿದ್ದೆಂದು ವೇದಿಕೆಯ ಮೇಲೆ ಹೇಳಿದ. ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇವನೆಲ್ಲಿ ಎದ್ದು ಜಗಳ ತೆಗೆಯುತ್ತಾನೋ ಎಂದು ನಾವು ಗಾಬರಿಯಿಂದ ಪಕ್ಕಕ್ಕೆ ತಿರುಗಿದೆವು.

ನಮ್ಮವನು ಕೈಯನ್ನು ಕಿವಿಯ ಬಳಿ ಒಯ್ದು ನಿಧಾನವಾಗಿ ಅಲ್ಲಾಡಿಸುತ್ತಿದ್ದ.

"ಕಾಯಿ ನಮ್ಮಟ್ಟದ್ದೇ ಕಣೋ," ಎಂದ. "ಕದ್ದಿದ್ದು ಹೋಗ್ಲಿ, ಎರಡೇ ದಿನಕ್ಕೆ ಇಳ್ಸಿಬಿಟ್ಟವ್ನೆ."