ಪರಸೋಂ ಸುದ್ದಿಗೆ ಮಿರ್ಚಿ ದಂಡ

ಹೈದರಾಬಾದಿನ ಫ್ಲ್ಯಾಟುಗಳಲ್ಲಿ ಎಲ್ಲ ಇದೆ, ಕಟ್ಟೆ ಒಂದಿಲ್ಲ. ರಾಯಚೂರು ಕಡೆಯ ನಮ್ಮಂಥವರಿಗೆ ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಊರಿನ, ದೇಶದ, ಆಕಾಶದ ವ್ಯವಹಾರವನ್ನೆಲ್ಲ ಬಗೆಹರಿಸದಿದ್ದರೆ ಉಂಡ ಅನ್ನ ಕರಗುವುದಿಲ್ಲ. ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲ ಮೇಲೆ ಕೂತರೆ ವಾಚ್‌ಮನ್ ಓಡಿ ಬಂದು ಲಿಫ್ಟ್ ಕೆಟ್ಟಿದೆಯೇ ಎಂದು ತೆಲುಗಿನಲ್ಲಿ ವಿಚಾರಿಸುತ್ತಾನೆ. ಅದಕ್ಕೇ ಫೋನಿನಲ್ಲೇ ಒಂದು ಗುಂಪು ಕಟ್ಟಿ, ನಮ್ಮ ಮಾತಿನಲ್ಲೇ ಅದಕ್ಕೆ ‘ಕಟ್ಟಿ’ ಎಂದು ಹೆಸರಿಟ್ಟೆ.

ಗುಂಪು ದೊಡ್ಡದೇನಲ್ಲ. ನಾನು, ನಮ್ಮ ಮನೆಯವರು, ಫೈನಾನ್ಷಿಯಲ್ ಡಿಸ್ಟ್ರಿಕ್ಟಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳು, ಹಿಂದಿನ ಓಣಿಯಲ್ಲಿರುವ ನಮ್ಮ ಕಡೆಯವರೇ ಆದ ಮನೆ ಕಟ್ಟುವ ಗೌಂಡಿ ಮೇಸ್ತ್ರಿ, ಮತ್ತು ಲಿಂಗಂಪಲ್ಲಿಯಲ್ಲಿರುವ ಕಾಕಾ, ಚಿಗವ್ವ. ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಅಬಿಡ್ಸಿನಲ್ಲಿ ಪೆನ್ನು, ಕಾಗದದ ಅಂಗಡಿ ಇಟ್ಟವರು. ಚಿಗವ್ವ ಅವರ ಹೆಂಡತಿ. ಕಟ್ಟೆಗೆ ಹೂವಿನ ಚಿತ್ರ, ದೇವರ ಫೋಟೋ, ಶುಭೋದಯ ಯಾವುದೂ ಬರಕೂಡದು. ವಿಜ್ಞಾನ, ತಂತ್ರಜ್ಞಾನ, ದೇಶ ವಿದೇಶದ ಸುದ್ದಿ ಮಾತ್ರ, ಅದೂ ತಮ್ಮ ಸ್ವಂತ ಮಾತಿನಲ್ಲಿ. ಈ ಕಾನೂನು ನನ್ನದು. ಇನ್ನೊಂದು ಕಾನೂನು ಕಾಕಾನದು. ಯಾರೂ ಧ್ವನಿಯಲ್ಲಿ ಮಾತಾಡಿ ಕಳಿಸಬಾರದು, ಬರೆದೇ ಹಾಕಬೇಕು. “ಕನ್ನಡ ಬರಿಯೋದು ಮರತು ಕುಂತೀರಿ. ಇಲ್ಲ್ಯರ ಬರೀರಿ” ಎಂದಿದ್ದರು. ಪೆನ್ನು ಮಾರುವವರ ಭಾಷಾಭಿಮಾನ ಎಂದು ನಾವೂ ಒಪ್ಪಿಕೊಂಡೆವು.

ಚಂದ್ರನ ಮೇಲೆ ನೀರಿನ ಗುರುತು ಸಿಕ್ಕಿದೆ ಎಂದು ಕಾಕಾ ಬರೆದರೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕಾದು ಸಾಕಾಗಿದ್ದ ನಾನು, “ಹಂಗಾರ ಮಣಿಕೊಂಡಕ್ಕ ಒಂದು ಟ್ಯಾಂಕರ್ ಕಳಸಾಕ ಹೇಳ್ರಿ” ಎಂದೆ. ಡ್ರೈವರ್ ಇಲ್ಲದೆ ಓಡುವ ಕಾರಿನ ಸುದ್ದಿಯನ್ನು ಮಗಳು ಹಾಕಿದಾಗ ಮೇಸ್ತ್ರಿ, “ಇಲ್ಲಿ ಡ್ರೈವರ್ ಇದ್ದ ಕಾರೇ ಮುಂದಕ್ಕ ಹೋಗವಲ್ದು. ಅದನ್ನ ನಮ್ಮ ರೋಡಿಗೆ ತರ್ರಿ, ಆಮ್ಯಾಲ ನೋಡೋಣು” ಎಂದರು. ಯಂತ್ರಗಳೇ ಕವಿತೆ ಬರೆಯುತ್ತವಂತೆ ಎಂದು ಒಮ್ಮೆ ವಾದ ನಡೆದು, ನಾನು ಯಂತ್ರದ ವಿರುದ್ಧ, ಮಗಳು ಯಂತ್ರದ ಪರ, ಮಾತಿಗೆ ಮಾತು ಬೆಳೆದು ಒಂದೇ ಮನೆಯ ಎರಡು ಕೋಣೆಯಿಂದ ಜಗಳವಾಡುತ್ತಿದ್ದೆವು. ಚಿಗವ್ವ ಎರಡು ದಿನ ಸುಮ್ಮನೆ ಓದಿ ಕೊನೆಗೆ ಬರೆದರು: “ರೊಟ್ಟಿ ಬಡಿಯೂದು ಬಂದ್ರ ಹೇಳ್ರಿ, ಒಂದು ತರಸ್ತೀನಿ.” ವಾದ ಅಲ್ಲಿಗೆ ಮುಗಿಯಿತು.

ಇನ್ನು ಪರಸೋಂ ವಿಷಯ. ಹಿಂದಿಯಲ್ಲಿ ಪರಸೋಂ ಎಂದರೆ ಮೊನ್ನೆ, ಇಲ್ಲವೇ ನಾಡಿದ್ದು. ಹೈದರಾಬಾದಿನ ದಖನಿ ಉರ್ದುವಿನಲ್ಲಿ ಮಾತ್ರ ಆ ಮಾತಿಗೆ ಲಂಗುಲಗಾಮಿಲ್ಲ. ಕಳೆದುಹೋದ ಯಾವ ದಿನವಾದರೂ ಪರಸೋಂ. ನಾವು ಈ ಊರಿಗೆ ಹೊಸದಾಗಿ ಬಂದಾಗ ಆಟೋದವನೊಬ್ಬನನ್ನು ಈ ರಸ್ತೆ ಯಾವಾಗ ಅಗೆದರಪ್ಪಾ ಎಂದು ಕೇಳಿದ್ದೆ. “ಪರಸೋಂಇಚ್ ಖೋದೇ, ಅಮ್ಮಾ”, ಮೊನ್ನೆ ತಾನೇ ಅಗೆದರು ಎಂದ. ಆ ಗುಂಡಿಯಲ್ಲಿ ಜಾಲಿ ಗಿಡ ಆಳೆತ್ತರ ಬೆಳೆದು ನಿಂತಿತ್ತು.

ಈ ಮಾತನ್ನು ಕಟ್ಟೆಗೆ ತಂದವರು ಕಾಕಾ. ಇವತ್ತು ಮಂಗಳ ಗ್ರಹ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಸುದ್ದಿಯನ್ನು ನಮ್ಮ ಮನೆಯವರು ಬಹಳ ಗತ್ತಿನಿಂದ ಹಾಕಿದ್ದರು. ಕಾಕಾ ಅದರ ಕೆಳಗೆ “ಪರಸೋಂ” ಎಂದು ಒಂದೇ ಒಂದು ಮಾತು ಬರೆದರು. ಅದು ಪ್ರತಿ ವರ್ಷ ಸುತ್ತುವ ಹಳಸಲು ಸುದ್ದಿ, ಸಾಲದ್ದಕ್ಕೆ ಸುಳ್ಳು. ಅಷ್ಟರಲ್ಲಿ ನಮ್ಮವರು ಟೆರೇಸಿಗೆ ಹೋಗಿ ಕುತ್ತಿಗೆ ನೋಯಿಸಿಕೊಂಡು ಬಂದಾಗಿತ್ತು. ಅಂದಿನಿಂದ ಸುದ್ದಿ ಹಳೆಯದಾದರೂ ಪರಸೋಂ, ಸುಳ್ಳಾದರೂ ಪರಸೋಂ. ಹಾಗೆ ಸಿಕ್ಕಿಬಿದ್ದವರು ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಕೂಡುವ ಚಹಾಕ್ಕೆ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ತರಬೇಕು. ಮಂಡಕ್ಕಿ ಒಗ್ಗರಣೆ ನನ್ನ ಪಾಲಿನದು. ನಮ್ಮವರು ತಂದಷ್ಟು ಮಿರ್ಚಿ ಬೇರೆ ಯಾರೂ ತಂದಿಲ್ಲ. ಕಾಕಾ ಒಮ್ಮೆಯೂ ತಂದಿರಲಿಲ್ಲ. ನಾಲ್ಕು ಕಡೆ ಓದಿ ನೋಡದೆ ಅವರು ಒಂದು ಸಾಲೂ ಬರೆಯುವವರಲ್ಲ.

ಅಂಥ ಕಾಕಾ ಒಂದು ಬೆಳಗ್ಗೆ ಬರೆದರು: “ಎದುರಿಗಿದ್ದವರು ಮಾತಾಡಿದ್ದನ್ನ ಆಗಿಂದಾಗ ಅಕ್ಷರ ಮಾಡಿ ತೋರಸೋ ಯಂತ್ರ ಬಂದೈತಂತ. ಕನ್ನಡಾನೂ ಬರೀತೈತಂತ. ಖರೇನ ಏನು?”

ಆಫೀಸಿನಲ್ಲಿದ್ದ ಮಗಳು ಹಿಂದುಮುಂದು ನೋಡದೆ “ಅಜ್ಜಾ, ಪರಸೋಂ!” ಎಂದಳು. ಸರಿ, ಬೋನಿಗೆ ಹುಲಿ ಬಿತ್ತು ಎಂದು ಎಲ್ಲರಿಗೂ ಹಿಗ್ಗು. ಮೇಸ್ತ್ರಿ ಪರಸೋಂ ಎಂದರು, ನಮ್ಮವರು ಸೇಡು ತೀರಿಸಿಕೊಳ್ಳುವಂತೆ ಮೂರು ಸಲ ಪರಸೋಂ ಎಂದರು. ನಾನು “ಮಿರ್ಚಿ ಬಿಸಿ ಇರ್ಬೇಕ್ರಿ ಕಾಕಾ” ಎಂದೆ. ಕಾಕಾ ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾದರು.

ಭಾನುವಾರ ಕಾಕಾ ಬರಲಿಲ್ಲ. ಹಾಗೆ ನೋಡಿದರೆ ಎಷ್ಟೋ ಭಾನುವಾರಗಳಿಂದ ಅವರು ಬಂದೇ ಇರಲಿಲ್ಲ. ಒಮ್ಮೆ ಮೊಣಕಾಲು, ಒಮ್ಮೆ ಬಿಸಿಲು, ಒಮ್ಮೆ ಮನೆಗೆ ಪ್ಲಂಬರ್ ಬರುವವನಿದ್ದಾನೆ. ಈ ಸಲ “ರೈಲು ತಡ ಆತು, ವಾಪಸ್ ಮನಿಗೆ ಬಂದೆ” ಎಂದು ಬರೆದರು. ಲಿಂಗಂಪಲ್ಲಿಯಿಂದ ಮಣಿಕೊಂಡಕ್ಕೆ ರೈಲೇ ಇಲ್ಲ! ಸುಳ್ಳು ಸುದ್ದಿ ಹಿಡಿಯುವುದರಲ್ಲಿ ಎತ್ತಿದ ಕೈ ಆದವರಿಗೆ ಒಂದು ಸುಳ್ಳು ಹೇಳಲು ಬರಲಿಲ್ಲ. ಅದೇ ಸಂಜೆ ಭೂಮಿಯ ಹತ್ತಿರ ಹಾದುಹೋಗುವ ಕಲ್ಲುಬಂಡೆಯೊಂದರ ಬಗ್ಗೆ ಕಟ್ಟೆಯಲ್ಲಿ ಉದ್ದಕ್ಕೆ ಬರೆದು ಎಲ್ಲರನ್ನೂ ಛೇಡಿಸಿದರು. “ಕಟ್ಟಿ ಮ್ಯಾಲ ಹುಲಿ, ಮನಿಗೆ ಕರದ್ರ ಇಲಿ” ಎಂದು ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದು ಮನೆಯವರಿಗೆಲ್ಲ ಗೊತ್ತು. ಆದರೆ ಆ ಸಿಟ್ಟಿನ ಕೆಳಗೆ ಭಯವಿತ್ತು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಗದರಿಸುವ ಹಕ್ಕು ಇರುವ ಹಿರಿಯರೆಂದು ಈ ಊರಿನಲ್ಲಿ ಉಳಿದವರು ಕಾಕಾ ಒಬ್ಬರೇ. ನಮ್ಮ ಮನೆಯಲ್ಲಿ ಯಾರದೋ ಮಾತಿಗೆ ಅವರ ಮನಸ್ಸು ಮುರಿದು, ಇನ್ನು ಮೇಲೆ ಅವರು ನಮ್ಮ ಹೊಸ್ತಿಲು ತುಳಿಯುವುದೇ ಇಲ್ಲವೇನೋ ಎಂದು ಒಳಗೊಳಗೇ ಹೆದರಿಕೆಯಾಯಿತು.

ಮರುದಿನ ಆಟೋ ಹಿಡಿದು ಲಿಂಗಂಪಲ್ಲಿಗೆ ಹೋದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಚಿಗವ್ವ ಬಾಗಿಲು ತೆಗೆದರು. ಕಾಕಾ ಕಿಟಕಿಯ ಹತ್ತಿರ ನಮಗೆ ಬೆನ್ನು ಮಾಡಿ, ಫೋನು ಕಣ್ಣ ಹತ್ತಿರ ಹಿಡಿದು ಕೂತಿದ್ದರು.

“ಏನ್ರಿ ಕಾಕಾ, ಯಾವ ರೈಲಿಗೆ ಹತ್ತಿದ್ರಿ? ಮಿರ್ಚಿ ತರೂದಕ್ಕ ಅಂಜಿ ಮನಿ ಹಿಡದು ಕುಂತೀರೇನು? ನಮ್ಮ ಮ್ಯಾಲ ಸಿಟ್ಟಿದ್ರ ಮಾರಿಗೆ ಹೊಡದಂಗ ಹೇಳ್ರಿ, ಇಲ್ಲಾಂದ್ರ...” ಎಂದು ಚಪ್ಪಲಿ ಬಿಡುತ್ತಲೇ ಶುರು ಮಾಡಿ, ಹೊಂದಿಸಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಕಾಕಾ ಅಲುಗಲಿಲ್ಲ. ಚಿಗವ್ವ ಹೋಗಿ ಭುಜ ಮುಟ್ಟಿದರು. ತಿರುಗಿ ನೋಡಿದ ಕಾಕಾನ ಮುಖ ಅರಳಿತು.

“ಅರೆ! ಯಾವಾಗ ಬಂದೆವಾ?”

ನನ್ನ ಬೈಗುಳವೆಲ್ಲ ಗೋಡೆಯ ಪಾಲಾಗಿತ್ತು.

“ಈ ಕಡೆ ಬೆಳಕಿಗೆ ಕೂಡು. ನಿನ್ನ ಮಾರಿ ಕಾಣ್ಬೇಕು” ಎಂದರು. ಕೂತೆ. ಕಿವಿಗೆ ಮಷಿನ್ ಹಾಕಿಕೊಳ್ಳುತ್ತಾರೆಂದು ನಮಗೆಲ್ಲ ಗೊತ್ತಿತ್ತು. ಅಲ್ಲಿಗೆ ಕಿವಿಯ ಕಥೆ ಮುಗಿಯಿತು ಎಂದುಕೊಂಡಿದ್ದೆವು.

“ಮಷಿನ್ ಐತೆಲ್ರಿ ಕಾಕಾ?”

“ಐತಿ. ಒಬ್ಬರು ಎದುರಿಗೆ ಕುಂತು ಮಾತಾಡಿದ್ರ ಆತು, ತುಟಿ ನೋಡಿ ಉಳದದ್ದು ಕೂಡಿಸ್ಕೊಂತೀನಿ. ನಿಮ್ಮನ್ಯಾಗ ಎಲ್ಲಾರೂ ಒಮ್ಮೇ ಬಾಯಿ ತಗೀತೀರಿ. ಮ್ಯಾಲ ಫ್ಯಾನು, ಒಳಗ ಕುಕ್ಕರ್. ಎಲ್ಲಾ ಕೂಡಿ ಕಿವ್ಯಾಗ ಸಂತಿ ನೆರೀತೈತಿ. ನೀವು ನಕ್ಕಾಗ ನಿಮ್ಮ ಮಾರಿ ನೋಡಿ ನಾನೂ ನಗ್ತೀನಿ. ಯಾತಕ್ಕ ನಕ್ಕೆ ಅಂತ ಮನಿಗೆ ಬಂದು ಇಕಿನ್ನ ಕೇಳ್ಬೇಕು. ಸಾಕಾತವಾ.” ಫೋನನ್ನು ತೋರಿಸಿದರು. “ಈ ಕಟ್ಟಿ ಮ್ಯಾಲ ಹಂಗಿಲ್ಲ ನೋಡು. ಇಲ್ಲಿ ಯಾರೂ ಯಾರ ಮಾತಿನ ಮ್ಯಾಲೂ ಬೀಳಂಗಿಲ್ಲ. ಒಬ್ಬರದು ಮುಗದ ಮ್ಯಾಲ ಒಬ್ಬರದು.”

ನಮ್ಮ ಮನೆಯಲ್ಲಿ ಎಲ್ಲರೂ ನಕ್ಕು ಸುಮ್ಮನಾಗುವ ಹೊತ್ತಿಗೆ ಕಾಕಾ ಒಬ್ಬರೇ ನಗಲು ಶುರು ಮಾಡುತ್ತಿದ್ದುದು ನೆನಪಾಯಿತು. ಧ್ವನಿ ಕಳಿಸಬೇಡಿ, ಬರೆದೇ ಹಾಕಿ ಎಂಬ ಕಾನೂನಿನಲ್ಲಿ ಭಾಷಾಭಿಮಾನ ಎಷ್ಟಿತ್ತೋ ಏನೋ.

“ಹಂಗಾರ ಆ ಯಂತ್ರದ ಸುದ್ದಿ?”

“ನನ್ನ ಸಲುವಾಗೇ ಕೇಳಿದ್ದು. ಅಂಥಾದ್ದೊಂದು ಇದ್ರ ಭಾನುವಾರ ನಿಮ್ಮ ನಡುವ ಬಂದು ಕೂಡಬಹುದು ಅಂತ ಆಸೆ ಆಗಿತ್ತು. ನೀವೆಲ್ಲಾ ಪರಸೋಂ ಅಂದ್ರಿ. ಸುಳ್ಳ ಸುದ್ದಿ ಅಂತ ತಿಳದು ಬಿಟ್ಟಬಿಟ್ಟೆ.”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಸುಳ್ಳಲ್ರೀ ಕಾಕಾ, ಹಳೇದು! ಅಕಿ ಅಂದಿದ್ದು ಹಳೇದಂತ! ಅಂಥಾದ್ದು ಫೋನಿನ್ಯಾಗ ಬಂದು ಭಾಳ ದಿನ ಆತು. ನಿಮ್ಮ ಕೈಯಾಗೇ ಐತಿ ಅದು!”

ಕಾಕಾ ತಮ್ಮ ಕೈಯನ್ನು ನೋಡಿಕೊಂಡರು. ಚಿಗವ್ವ ಹಣೆ ಹಣೆ ಬಡಿದುಕೊಂಡರು. “ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡಿಕಿದಂಗ ಆತಲ್ರೀ!”

ಮಗಳಿಗೆ ಫೋನ್ ಹಚ್ಚಿದೆ. ಅವಳು ಮೀಟಿಂಗಿನಿಂದ ಎದ್ದು ಬಂದು, ಅಲ್ಲಿ ಒತ್ತು, ಇಲ್ಲಿ ಒತ್ತು, ಅದಲ್ಲ ಅವ್ವಾ, ಅದರ ಕೆಳಗಿಂದು ಎಂದು ಸಾಕುಸಾಕಾಗುವಷ್ಟು ಹೇಳಿದ ಮೇಲೆ ಅಂತೂ ಕಾಕಾನ ಫೋನಿನಲ್ಲಿ ಅದು ತೆರೆಯಿತು. ಬಿಳಿಯ ಖಾಲಿ ಪರದೆ. ಫೋನನ್ನು ಕಾಕಾನ ಮುಂದಿಟ್ಟು ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: “ಕಾಕಾ, ನಾ ಈಗ ಮಾತಾಡಾಕತ್ತೀನಿ.”

ಪರದೆಯ ಮೇಲೆ ಅಕ್ಷರ ಮೂಡಿತು: ‘ಕಾಕಾ ನಾ ಈಗ ಮಾತಾಡ ಕತ್ತೆ ನೀ.’

ಕಾಕಾ ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಅಷ್ಟ ದೂರದಿಂದ ಆಟೋ ಮಾಡ್ಕೊಂಡು ಬಂದಿದ್ದು ಇದನ್ನ ಹೇಳಾಕೇನು?”

ನಮ್ಮ ಕಡೆಯ ‘ಆಕತ್ತೀನಿ’ ಆ ಯಂತ್ರದ ಕಿವಿಗೆ ಬೀಳುವುದೇ ಹಾಗೆ. ‘ಹೊಂಟೀನಿ’, ‘ಬಂದೀನಿ’ ಎಂದರೆ ಹೇಗೋ ದಾಟಿಸುತ್ತದೆ. ಮಾಡಾಕತ್ತಿದ್ದರೆ, ಉಣ್ಣಾಕತ್ತಿದ್ದರೆ, ಓದಾಕತ್ತಿದ್ದರೆ ಮಾತ್ರ ಎಲ್ಲಿಂದಲೋ ಒಂದು ಕತ್ತೆ ಬಂದು ನಿಲ್ಲುತ್ತದೆ. ಅದನ್ನು ಕಲಿಸಿದವರು ನಮ್ಮ ಸೀಮೆಗೆ ಕಾಲಿಟ್ಟವರಲ್ಲ ಎಂದು ನನಗೆ ಅನುಮಾನ.

ಮುಂದಿನ ಭಾನುವಾರ ಕಾಕಾ ಬಂದರು. ಕೈಯಲ್ಲಿ ಎಣ್ಣೆ ಹೀರಿದ ಪೇಪರಿನ ಪೊಟ್ಟಣ, ಒಳಗೆ ದಂಡದ ಮಿರ್ಚಿ. ನಾನು ಫ್ಯಾನ್ ಆರಿಸಿದೆ, ಅಡುಗೆಮನೆಯ ಬಾಗಿಲು ಎಳೆದುಕೊಂಡೆ. ಸಕ್ಕರೆ ಡಬ್ಬಿಗೆ ಫೋನನ್ನು ಆನಿಸಿ ಕಾಕಾನ ಎದುರಿಗೆ ನಿಲ್ಲಿಸಿದೆವು. ಕತ್ತೆಯ ಸುದ್ದಿ ಎಲ್ಲರಿಗೂ ತಲುಪಿತ್ತಾದ್ದರಿಂದ ಒಬ್ಬರೂ ಬಾಯಿ ಬಿಡಲೊಲ್ಲರು. ಕೊನೆಗೆ ಮೇಸ್ತ್ರಿ ಅಂಗಿಯ ಗುಂಡಿ ಸರಿಮಾಡಿಕೊಂಡು, “ತಾವು ಕುಶಲವಾಗಿದ್ದೀರಾ? ಮಿರ್ಚಿ ತಂದಿದ್ದಕ್ಕಾಗಿ ತಮಗೆ ಧನ್ಯವಾದಗಳು” ಎಂದರು. ಪರದೆಯ ಮೇಲೆ ಒಂದಕ್ಷರ ತಪ್ಪಿಲ್ಲದೆ ಬಂತು. ನಮ್ಮವರೂ ಹುರುಪಿನಿಂದ, “ಈ ದಿನ ವಾತಾವರಣವು ಆಹ್ಲಾದಕರವಾಗಿದೆ” ಎಂದರು. ಫ್ಯಾನಿಲ್ಲದೆ ಅವರ ಬೆನ್ನು ಬೆವತು ಅಂಗಿ ಅಂಟಿಕೊಂಡಿತ್ತು.

ಕಾಕಾ ಅದನ್ನೂ ಓದಿ ಮುಖ ಸಿಂಡರಿಸಿದರು. “ಯಾರ ಮನಿಗೆ ಬಂದೀನಿ ನಾ? ಟಿವ್ಯಾಗ ವಾರ್ತಾ ಓದವ್ರ ಮನಿಗೇನು? ಏ, ನಮ್ಮ ಮಾತು ಆಡ್ರೋ. ಕತ್ತೆ ಬಂದ್ರ ನಾ ಹೊಡಕೊಂಡು ಹೋಗ್ತೀನಿ.”

ಅಷ್ಟು ಹೇಳಿದ್ದೇ ತಡ, ಎಲ್ಲರ ಬಾಯಿಗೂ ಜೀವ ಬಂತು. ಕಲ್ಲುಬಂಡೆ ಭೂಮಿಗೆ ಬಡಿದರೆ ಮೊದಲು ಯಾವ ಊರು ಎಂಬಲ್ಲಿಂದ ಹಿಡಿದು, ಮಗಳ ಆಫೀಸಿನಲ್ಲಿ ಯಂತ್ರ ಬಂದು ಯಾರ ಕೆಲಸ ಹೋಗುತ್ತದೆ ಎಂಬಲ್ಲಿಯ ತನಕ. ಒಬ್ಬರಾದ ಮೇಲೆ ಒಬ್ಬರು ಎಂದು ನಿರ್ಧರಿಸಿದ್ದೆವು. ಮೂರು ಮಾತಿನ ತನಕ ನಡೆಯಿತು, ಆಮೇಲೆ ನಾನೇ ಅದನ್ನು ಮುರಿದೆ. ಕಾಕಾ ಮಾತ್ರ ಪರದೆಯನ್ನೊಮ್ಮೆ, ನಮ್ಮ ತುಟಿಗಳನ್ನೊಮ್ಮೆ ನೋಡುತ್ತ, ನಡುವೆ ಬಾಯಿ ಹಾಕುತ್ತ, ಮೇಸ್ತ್ರಿಯನ್ನು ಕೆಣಕುತ್ತ ಕೂತಿದ್ದರು.

ಅಷ್ಟರಲ್ಲಿ ನಾನು ಮಿರ್ಚಿ ಮತ್ತೆ ಬಿಸಿ ಮಾಡಿ ತಂದು, ತಟ್ಟೆ ಮುಂದೆ ಸರಿಸಿ, “ಮಿರ್ಚಿ ಭಾಳ ಬಿಸಿ ಐತಿ, ಹಗೂರಕ ತಿನ್ರಿ” ಎಂದೆ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಆದರೆ ಕಾಕಾ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದು ನಗಲು ಶುರು ಮಾಡಿದರು. ನಮಗೆ ಯಾರಿಗೂ ಕಾರಣ ಗೊತ್ತಿಲ್ಲ. ಅವರ ಮುಖ ನೋಡಿ ನಾವೂ ಸುಮ್ಮನೆ ನಕ್ಕೆವು, ಆಮೇಲೆ ಬಗ್ಗಿ ಪರದೆ ನೋಡಿದೆವು. ‘ಮಿರ್ಚಿ ಬಾಳೆ ಬಿಸಿ ಅತ್ತೆ’ ಎಂದಿತ್ತು. ಎಲ್ಲರಿಗಿಂತ ಮೊದಲು ನಕ್ಕವರು ಕಾಕಾ! ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ. ಕಣ್ಣಲ್ಲಿ ನೀರು ಬಂತು, ಮಿರ್ಚಿ ಖಾರ ಎಂದು ಹೇಳಿ ಒರೆಸಿಕೊಂಡೆ.

ಚಿಗವ್ವ ನನ್ನ ಪಕ್ಕದಲ್ಲಿ ಕೂತಿದ್ದರು. ಕಾಕಾನ ವಿಷಯವನ್ನು ಕಾಕಾನ ಎದುರಿಗೇ, ದನಿ ತಗ್ಗಿಸದೆ ಮಾತಾಡುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಅದೇ ರೂಢಿಯಲ್ಲಿ ನನ್ನ ಕಡೆ ತಿರುಗಿ, “ಇವರು ಹಿಂಗ ನಕ್ಕಿದ್ದು ನಾ ಯಾವಾಗ ನೋಡಿದ್ನೋ ಏನೋ” ಎಂದರು.

ಕಾಕಾ ಪರದೆಯ ಮೇಲಿಂದ ಕಣ್ಣೆತ್ತದೆ, ಮಿರ್ಚಿ ಮುರಿಯುತ್ತ ಹೇಳಿದರು:

“ಪರಸೋಂ.”